ಜುಲೈನಲ್ಲಿ ನೋಡದ ಜಾಗಕ್ಕೆ ನಕ್ಷೆ ಬೇಡ

ಸಕಲೇಶಪುರ, ಮೂಡಿಗೆರೆ ಕಡೆಯಿಂದ ಯಾರಾದರೂ ರಸ್ತೆಯದೋ ತಡೆಗೋಡೆಯದೋ ನಕ್ಷೆ ಹಿಡಿದು ಬಂದರೆ ನಾನು ಮೊದಲು ಕೇಳುವುದು ಇಷ್ಟೇ: ಈ ಜಾಗವನ್ನು ಜುಲೈನಲ್ಲಿ ನೋಡಿದ್ದೀರಾ? ಹೆಚ್ಚಿನವರು ನೋಡಿರುವುದಿಲ್ಲ. ಸರ್ವೆ ಆಗಿರುವುದು ಫೆಬ್ರವರಿಯಲ್ಲಿ. ಆಗ ಹಳ್ಳ ಒಣಗಿರುತ್ತದೆ, ಜೀಪು ಎಲ್ಲಿಗೆ ಬೇಕಾದರೂ ಹೋಗುತ್ತದೆ, ಜಿಗಣೆಯ ಕಾಟವೂ ಇಲ್ಲ.

ಈ ಪ್ರಶ್ನೆ ನನಗೆ ಅಂಟಿದ್ದು ಸೇನೆಯ ಕೋರ್ ಆಫ್ ಇಂಜಿನಿಯರ್ಸ್‌ನಲ್ಲಿ. ಅಲ್ಲಿ ರೆಕ್ಕಿ, ಅಂದರೆ ಮೊದಲೇ ಹೋಗಿ ಜಾಗ ನೋಡಿ ಬರುವುದು, ಇಲ್ಲದೆ ಯಾವ ಕೆಲಸವೂ ಶುರುವಾಗುವುದಿಲ್ಲ. ನದಿ ದಾಟಬೇಕೆಂದರೆ ಎರಡೂ ದಂಡೆಗಳ ಎತ್ತರ, ನೀರಿನ ವೇಗ, ಕಾಲಡಿಯ ಮಣ್ಣು, ಲಾರಿ ತಿರುಗಿಸಲು ಜಾಗ ಎಲ್ಲವನ್ನೂ ಒಬ್ಬರು ಕಣ್ಣಾರೆ ನೋಡಿ ಬರೆದು ತರಬೇಕು. ಆಮೇಲೆ ಲೆಕ್ಕ.

ಸೈನ್ಯದಲ್ಲಿ ಇಂಜಿನಿಯರ್‌ಗೆ ಏನು ಕೆಲಸ ಎಂದು ಹಾಸನದಲ್ಲಿ ಕೇಳುವವರಿಗೆ ಈಗ ವಯನಾಡಿನ ಉದಾಹರಣೆ ಸಾಕಾಗುತ್ತದೆ. 2024ರ ಜುಲೈ 30ರಂದು ಗುಡ್ಡ ಕುಸಿದು ಚೂರಲ್‌ಮಲದ ಸೇತುವೆ ಕೊಚ್ಚಿಹೋಯಿತು. ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪ್, ಅಂದರೆ 1780ರಿಂದ ನಡೆದು ಬಂದ ಮದ್ರಾಸ್ ಸ್ಯಾಪರ್ಸ್, ಅಲ್ಲಿ 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಗೆ ಮುಗಿಸಿತು. ಎರಡನೇ ಮಹಾಯುದ್ಧದ ಕಾಲದ ವಿನ್ಯಾಸ ಅದು. 10 ಅಡಿ ಉದ್ದದ ಉಕ್ಕಿನ ಚೌಕಟ್ಟುಗಳು, ಒಂದೊಂದೂ ಸುಮಾರು 260 ಕಿಲೋ. ಆರು ಜನ ಹೆಗಲು ಕೊಟ್ಟರೆ ಎತ್ತಬಹುದು. ಒಂದಕ್ಕೊಂದು ಪಿನ್ ಹಾಕಿ ಜೋಡಿಸುತ್ತಾ ಹೋಗಿ, ಇಡೀ ಸೇತುವೆಯನ್ನು ರೋಲರ್‌ಗಳ ಮೇಲೆ ಆಚೆ ದಡಕ್ಕೆ ತಳ್ಳುತ್ತಾರೆ. ಮುಂದೆ ಹಲಗೆ ಹಾಸದ ಹಗುರವಾದ ಮೂತಿ ಇರುತ್ತದೆ. ಅದು ಆಚೆ ದಡ ಮುಟ್ಟುವವರೆಗೂ ಗುರುತ್ವಕೇಂದ್ರ ಈಚೆಯ ರೋಲರ್ ದಾಟಬಾರದು. ದಾಟಿತೋ, ಎಲ್ಲ ಹೊಳೆಗೆ. ಟಿವಿಯವರು ಗಂಟೆ ಎಣಿಸಿದರು. ನಾನು ನೋಡುತ್ತಿದ್ದದ್ದು ಈಚೆ ದಡದಲ್ಲಿ ಜೋಡಣೆಗೆ ಅವರು ಎಷ್ಟು ಜಾಗ ಮಾಡಿಕೊಂಡರು ಎಂಬುದನ್ನು. ವೇಗವೆಲ್ಲ ಅಲ್ಲೇ ತೀರ್ಮಾನವಾಗಿರುತ್ತದೆ.

ಪುಣೆಯ ಮಿಲಿಟರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವಾಗ ಇದನ್ನೆಲ್ಲ ಮೈದಾನದಲ್ಲೇ ಮಾಡಿಸುತ್ತಿದ್ದೆವು. ನಿವೃತ್ತಿಯ ನಂತರ ಹಾಸನದಲ್ಲಿ ಸಿವಿಲ್ ವಿದ್ಯಾರ್ಥಿಗಳಿಗೆ ಕಲಿಸತೊಡಗಿದಾಗ ಮೈದಾನ ಹುಡುಕಬೇಕಾಯಿತು. ಸಿಕ್ಕಿದ್ದು ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆ. ಟಿಪ್ಪು ಫ್ರೆಂಚ್ ಇಂಜಿನಿಯರ್‌ಗಳ ನೆರವಿನಿಂದ ಕಟ್ಟಿಸಿ 1792ರಲ್ಲಿ ಮುಗಿಸಿದ ಎಂಟು ಮೂಲೆಯ ನಕ್ಷತ್ರ ಅದು. ಎಲ್ಲರೂ ಡ್ರೋನ್ ಹಾರಿಸಿ ಫೋಟೋ ತೆಗೆಯುತ್ತಾರೆ; ನಾನು ಹುಡುಗರನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ ಪಕ್ಕದ ಗೋಡೆಯ ಬುಡ ನೋಡಲು ಹೇಳುತ್ತೇನೆ. ಪೂರ್ತಿ ಕಾಣುತ್ತದೆ. ಶತ್ರು ಅವಿತುಕೊಳ್ಳಲು ಮರೆಯೇ ಇಲ್ಲ. ನಕ್ಷತ್ರ ಅಂದಕ್ಕಲ್ಲ ಎಂಬುದು ಆಗ ತಾನಾಗಿಯೇ ಗೊತ್ತಾಗುತ್ತದೆ.

ನಮ್ಮ ಘಾಟಿಗಳಲ್ಲಿ ಶತ್ರು ನೀರು. ಜಂಬಿಟ್ಟಿಗೆಯ ಅಡಿಯ ಶೇಡಿ ಮಣ್ಣು, ಅಂದರೆ ನುಣುಪಾದ ಜೇಡಿ, ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಜಾರುತ್ತದೆ. 6 ಮೀಟರ್ ಎತ್ತರದ ತಡೆಗೋಡೆ ತೆಗೆದುಕೊಳ್ಳಿ. ಹಿಂದೆ ಸಾಧಾರಣ ಒಣ ಮಣ್ಣು ತುಂಬಿದ್ದರೆ, ಪ್ರತಿ ಮೀಟರ್ ಉದ್ದಕ್ಕೆ ಅದು ತಳ್ಳುವ ಬಲ ಸುಮಾರು 11 ಟನ್. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ನಿಂತರೆ 24 ಟನ್. ಗೋಡೆ ಅದೇ, ಕಬ್ಬಿಣ ಅದೇ, ಹೊರೆ ಮಾತ್ರ ಎರಡು ಪಟ್ಟಿಗೂ ಮೇಲೆ. ವೀಪ್ ಹೋಲ್, ಅಂದರೆ ಹಿಂದಿನ ನೀರು ಹೊರಹೋಗಲು ಗೋಡೆಯಲ್ಲಿ ತೂತು, ಬಿಡುವುದು ಇದಕ್ಕೇ. ಹಿಂದೆ ಜಲ್ಲಿಯ ಸೋಸುಪದರ ಹಾಕದೆ ಬರೀ ಪಿವಿಸಿ ಪೈಪು ತೂರಿಸಿದರೆ ಎರಡನೇ ಮಳೆಗಾಲಕ್ಕೆ ಮಣ್ಣು ಕಟ್ಟಿಕೊಳ್ಳುತ್ತದೆ. ಹೊರಗಿನಿಂದ ಮಾತ್ರ ಲಕ್ಷಣವಾಗಿ ಕಾಣುತ್ತಿರುತ್ತದೆ!

ಗಡಿ ರಸ್ತೆ ಸಂಸ್ಥೆಯಲ್ಲಿ ಹಿಮಾಲಯದ ಕೆಲಸ ಮಾಡಿದವರಿಗೆ ವರ್ಷವೆಂದರೆ ಹಿಮವಿಲ್ಲದ ಕೆಲವೇ ತಿಂಗಳು. ಹಿಮ ಬೀಳುವ ಮೊದಲು ಕೈಯಲ್ಲಿರುವುದನ್ನು ಮುಚ್ಚಿ ಭದ್ರ ಮಾಡಬೇಕು. ಇಲ್ಲಿ ಹಿಮದ ಬದಲು ಮುಂಗಾರು. ನವೆಂಬರ್‌ನಿಂದ ಮೇ ತನಕ ಕೆಲಸ. ಮೇ ಕೊನೆಯೊಳಗೆ ಚರಂಡಿ, ಗೋಡೆ, ಹುಲ್ಲಿನ ಹೊದಿಕೆ ಮುಗಿಸಲು ಆಗುವಷ್ಟೇ ಗುಡ್ಡ ಕಡಿಯಬೇಕು. ನಾನು ನೋಡಿಕೊಂಡ ಕಾಮಗಾರಿಗಳಲ್ಲಿ ಗುತ್ತಿಗೆದಾರರೊಂದಿಗೆ ದೊಡ್ಡ ಜಗಳ ಇದೊಂದಕ್ಕೇ. ಅವರದೂ ಒಂದು ನ್ಯಾಯ ಇದೆ, ಒಪ್ಪುತ್ತೇನೆ: ಗುಡ್ಡ ಕಡಿದರೆ ಘನಮೀಟರ್ ಲೆಕ್ಕದಲ್ಲಿ ಬಿಲ್ ಬೇಗ ಆಗುತ್ತದೆ, ಚರಂಡಿಯ ಬಿಲ್ಲು ಎಷ್ಟಾದರೂ ಸಣ್ಣದು. ಆದರೆ ನೇರವಾಗಿ ಕಡಿದು ಬಿಟ್ಟ ಇಳಿಜಾರು ಏನು ಮಾಡುತ್ತದೆಂದು ಶಿರಾಡಿ ಘಾಟಿ ರಸ್ತೆಯಲ್ಲಿ ಗುಡ್ಡ ಕುಸಿದಾಗ ಜಿಲ್ಲೆಯೆಲ್ಲ ನೋಡಿದೆ. ಟೆಂಡರ್‌ನಲ್ಲೇ ಚರಂಡಿಯನ್ನು ಮೊದಲ ಕಂತಿಗೆ ಕಟ್ಟಿಹಾಕದೆ ಇದು ಸರಿಹೋಗುವುದಿಲ್ಲ.

ಸೈಟಿನಲ್ಲಿ ನಾನು ಮಾಡಿಸುವುದು ಸರಳ. ನೀರಿನ ಹೊಣೆ ಒಬ್ಬನೇ ಒಬ್ಬ ಕಿರಿಯ ಇಂಜಿನಿಯರ್‌ಗೆ. ಜೂನ್‌ನ ಮೊದಲ ಜೋರು ಮಳೆಗೆ ಅವನು ಛತ್ರಿ, ಬಣ್ಣದ ಡಬ್ಬಿ ಹಿಡಿದು ಇಳಿಜಾರಿನುದ್ದಕ್ಕೂ ನಡೆದು, ನೀರು ಒಸರುವ ಕಡೆಯೆಲ್ಲ ಗುರುತು ಹಾಕಬೇಕು. ಮುಂದಿನ ವರ್ಷದ ಮೋರಿ, ವೀಪ್ ಹೋಲ್ ಆ ಗುರುತಿಗೆ ತಕ್ಕಂತೆ ಬರುತ್ತವೆ. ತೋಟದ ಹಳೇ ಆಳುಗಳನ್ನು ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು, ಬೇಸಿಗೆಯಲ್ಲಿ ಮಾಯವಾಗುವ ಒರತೆಗಳೆಲ್ಲ ಅವರಿಗೆ ಗೊತ್ತಿರುತ್ತವೆ. ಬಿಲ್ ಬರೆಯುವವನಿಗೆ ಮಾತ್ರ ಈ ಹೊಣೆ ಕೊಡಬೇಡಿ.