ಬಾವಿಯ ಬಾಯಲ್ಲಿ ಒಂದು ಊರು

ನನ್ನ ಕೆಲಸ ಬೋರ್‌ವೆಲ್ ಪಾಯಿಂಟ್ ತೋರಿಸುವುದು. ನೆಲಕ್ಕೆ ನಾಲ್ಕು ಸಲಾಕೆ ಹೊಡೆದು, ಕರೆಂಟ್ ಬಿಟ್ಟು, ಮೀಟರ್ ನೋಡಿ, "ಇಲ್ಲಿ ಹೊಡೆಸಿ" ಅಂತ ಹೇಳುವ ಭೂವಿಜ್ಞಾನಿ ನಾನು. ಕೋಲಾರ, ಚಿಂತಾಮಣಿ, ಶಿರಾ ಸುತ್ತಿ ಸುತ್ತಿ ಕೂದಲು ನೆರೆತಿದೆ. ಹೋದ ವರ್ಷ ಡಲ್ಲಾಸ್‌ನಲ್ಲಿರುವ ಮಗಳು, ಅಳಿಯ ನಮ್ಮಿಬ್ಬರನ್ನೂ ಮೆಕ್ಸಿಕೋದ ಕಾನ್‌ಕುನ್‌ಗೆ ಬೀಚ್ ತೋರಿಸಲು ಕರೆದುಕೊಂಡು ಹೋದರು. ಡಲ್ಲಾಸ್‌ನ ಕನ್ನಡದವರಿಗೆ ಕ್ರಿಸ್‌ಮಸ್ ರಜೆ ಬಂತೆಂದರೆ ಕಾನ್‌ಕುನ್, ನಮಗೆ ಗೋಕರ್ಣ ಇದ್ದ ಹಾಗೆ. ಒಂದೂವರೆ ದಿನ ಮರಳಲ್ಲಿ ಕೂತೆ. ಆಮೇಲೆ ತಡೆಯಲಾಗದೆ ಕೇಳಿದೆ, "ಇಲ್ಲಿ ಹೊಳೆ ಎಲ್ಲಿದೆ?"

"ಅಪ್ಪಾ, ರಜೆಯಲ್ಲೂ ಶುರು ಮಾಡಬೇಡಿ" ಅಂದಳು ಮಗಳು.

ಹೊಳೆ ಇಲ್ಲ. ಕಾನ್‌ಕುನ್ ಇರುವ ಯುಕಟಾನ್ ಪರ್ಯಾಯ ದ್ವೀಪದ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ನದಿಯೇ ಇಲ್ಲ. ಮಳೆ ಚೆನ್ನಾಗಿ ಬರುತ್ತದೆ, ಕಾಡೂ ಹಸಿರಾಗಿದೆ, ಆದರೆ ಒಂದು ಹಳ್ಳವೂ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕೋಲಾರದ ಕಗ್ಗಲ್ಲು ನೀರು ಕುಡಿಯುವುದಿಲ್ಲ, ಬಿರುಕು ಸಿಕ್ಕಿದರೆ ಪುಣ್ಯ. ಅಲ್ಲಿರುವುದು ಸುಣ್ಣದ ಕಲ್ಲು, ಥೇಟ್ ಜರಡಿ. ಬಿದ್ದ ಮಳೆ ಸೀದಾ ಒಳಗೆ ಇಳಿದು, ಕಲ್ಲನ್ನು ಕರಗಿಸುತ್ತಾ ಗುಹೆ ಕೊರೆದು, ಆ ಗುಹೆಗಳಲ್ಲೇ ಮೆಲ್ಲಗೆ ಸಮುದ್ರದ ಕಡೆ ಹರಿಯುತ್ತದೆ. ಎಲ್ಲಾದರೂ ಗುಹೆಯ ಚಾವಣಿ ಕುಸಿದರೆ ಒಳಗಿನ ನೀರು ಕಾಣುತ್ತದೆ. ಅದೇ ಸೆನೋಟೆ. ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಮಾತಿನ 'ತ್ಸೊನೋಟ್' ಸ್ಪ್ಯಾನಿಶರ ಬಾಯಲ್ಲಿ ಹಾಗಾಯಿತು.

ಪ್ರವಾಸಿಗಳು ಇದನ್ನು ಕೊಳ ಅಂದುಕೊಂಡು ಧುಮುಕುತ್ತಾರೆ. ಅದು ಕೊಳವಲ್ಲ, ನೆಲದೊಳಗಿನ ಹೊಳೆಗೆ ಇರುವ ಕಿಟಕಿ. ಎಷ್ಟು ದೊಡ್ಡ ಹೊಳೆ ಅಂದರೆ, 2018ರಲ್ಲಿ ಮುಳುಗುಗಾರರು ಅದೇ ಕರಾವಳಿಯ ಟುಲುಂ ಊರಿನ ಹತ್ತಿರದ ಸಾಕ್ ಆಕ್ತುನ್ ಮತ್ತು ದೋಸ್ ಓಹೋಸ್ ಎಂಬ ಎರಡು ಗುಹಾಜಾಲಗಳು ಒಂದೇ ಎಂದು ಹಗ್ಗ ಎಳೆದು ತೋರಿಸಿದಾಗ ಒಟ್ಟು ಉದ್ದ 347 ಕಿಲೋಮೀಟರ್ ಆಯಿತು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಷ್ಟು ದಾರಿ, ಪೂರಾ ನೀರೊಳಗೆ! ಈ ಗುಹೆಗಳಲ್ಲಿ ನೀರಿನಡಿಯಲ್ಲೂ ಚಾವಣಿಯಿಂದ ಸುಣ್ಣದ ಕೋಲುಗಳು ಇಳಿಬಿದ್ದಿವೆ. ತೊಟ್ಟಿಕ್ಕುವ ಹನಿಯಿಂದ ಬೆಳೆಯುವ ಕೋಲು ಅದು, ಮುಳುಗಿದ ಜಾಗದಲ್ಲಿ ಬೆಳೆಯುವುದಿಲ್ಲ. ಅಂದರೆ ಹಿಮಯುಗದಲ್ಲಿ ಸಮುದ್ರ ಕೆಳಗಿದ್ದಾಗ ಈ ಗುಹೆಗಳು ಒಣಗಿದ್ದವು, ಜನ ಒಳಗೆ ನಡೆದಾಡುತ್ತಿದ್ದರು. 2007ರಲ್ಲಿ ಅಲ್ಲೇ ಒಂದು ಆಳದ ಗುಂಡಿಯಲ್ಲಿ ಹದಿಹರೆಯದ ಹುಡುಗಿಯೊಬ್ಬಳ ಅಸ್ಥಿಪಂಜರ ಸಿಕ್ಕಿತು. 12 ಸಾವಿರ ವರ್ಷಕ್ಕಿಂತ ಹಳೆಯದು. ಕತ್ತಲಲ್ಲಿ ಕಾಲು ಜಾರಿ ಬಿದ್ದಿರಬೇಕು, ಪಾಪ.

ಟುಲುಂ ಹತ್ತಿರ ಕಾಸಾ ಸೆನೋಟೆ ಅಂತ ಒಂದಿದೆ, ಮ್ಯಾಂಗ್ರೋವ್ ಗಿಡಗಳ ನಡುವೆ, ಸಮುದ್ರಕ್ಕೆ ನಾಲ್ಕೇ ಹೆಜ್ಜೆ. ಮಾಸ್ಕ್ ಹಾಕಿಕೊಂಡು ಮುಖ ಮುಳುಗಿಸಿದೆ. ಮೊದಲು ಎಲ್ಲ ಗಾಜಿನ ಹಾಗೆ ಸ್ಪಷ್ಟ. ಸ್ವಲ್ಪ ಮುಂದೆ ಹೋದರೆ ಕಣ್ಣಿಗೆ ಪೊರೆ ಬಂದಂತೆ ಎಲ್ಲ ಕಲಸಿಹೋಯಿತು. ಪಾನಕಕ್ಕೆ ಬೆಲ್ಲ ಕರಗಿಸುವಾಗ ನೀರಲ್ಲಿ ಎಳೆ ಎಳೆ ಕಾಣುತ್ತದಲ್ಲ, ಹಾಗೆ. ಮಾಸ್ಕ್ ಕೆಟ್ಟಿದೆ ಅಂತ ಅಳಿಯ ಉಜ್ಜುತ್ತಾ ನಿಂತ. ಮಾಸ್ಕ್ ಸರಿಯಾಗೇ ಇತ್ತು. ಸಿಹಿನೀರು ಹಗುರ, ಉಪ್ಪುನೀರು ಭಾರ. ಒಂದರ ಮೇಲೊಂದು ಕೂತಿರುತ್ತವೆ, ಅವು ಬೆರೆಯುವ ಕಡೆ ಬೆಳಕು ವಕ್ರವಾಗುತ್ತದೆ. ನನಗಂತೂ ಮೈ ಜುಮ್ಮೆಂದಿತು. ಇಡೀ ಕರಾವಳಿಯ ಗುಹೆಗಳನ್ನು ಕೊರೆದದ್ದೇ ಈ ಬೆರಕೆ. ಸಿಹಿನೀರು ಇನ್ನಷ್ಟು ಸುಣ್ಣ ಕರಗಿಸಲಾರದಷ್ಟು ಕುಡಿದಿರಬಹುದು, ಉಪ್ಪುನೀರೂ ಹಾಗೇ ಇರಬಹುದು, ಆದರೆ ಎರಡೂ ಬೆರೆತ ತಕ್ಷಣ ಅದಕ್ಕೆ ಮತ್ತೆ ಹಸಿವು. ಕಲ್ಲು ತಿನ್ನಲು ಶುರು ಮಾಡುತ್ತದೆ.

ಇಲ್ಲೊಂದು ತಕರಾರು. ಟುಲುಂ ಕಡೆ ಅನೇಕ ಗೈಡ್‌ಗಳು "ಡೈನೋಸಾರ್ ಕೊಂದ ಉಲ್ಕೆ ಬಿದ್ದು ಆದ ಹೊಂಡ ಇದು" ಅಂತ ಹೇಳುತ್ತಾರೆ. ಅರ್ಧ ಸತ್ಯ. 6.6 ಕೋಟಿ ವರ್ಷದ ಹಿಂದೆ ಉಲ್ಕೆ ಬಿದ್ದದ್ದು ಚಿಕ್ಷುಲೂಬ್‌ನಲ್ಲಿ, ಪರ್ಯಾಯ ದ್ವೀಪದ ವಾಯವ್ಯ ಮೂಲೆಯಲ್ಲಿ. ಹೂತುಹೋದ ಆ ಕುಳಿಯ ಅಂಚಿನಗುಂಟ ಮೆರಿಡಾ ನಗರದ ಸುತ್ತ ಸೆನೋಟೆಗಳು ಬಳೆಯಂತೆ ಸಾಲಾಗಿರುವುದು ನಿಜ. ಟುಲುಂ ಕಡೆಯವು ಆ ಬಳೆಯಲ್ಲಿಲ್ಲ, ಅವು ಈಗ ಹೇಳಿದ ಬೆರಕೆ ನೀರಿನ ಕೆಲಸ. (ಅದೇ ಕಾಲಕ್ಕೆ ನಮ್ಮ ಬೆಳಗಾವಿ, ವಿಜಯಪುರದ ಕಡೆ ಲಾವಾ ಉಕ್ಕಿ ಹರಿಯುತ್ತಿತ್ತು. ಆ ಕರಿಕಲ್ಲಿನಲ್ಲಿ ಬೋರ್ ಹೊಡೆಸಿದವರಿಗೆ ಅದರ ಸಂಕಟ ಗೊತ್ತು.)

ಈಗ ಮಾಯಾ ಜನರ ಹಾಳೂರುಗಳ ವಿಷಯ. ಬೆಳಿಗ್ಗೆ ಪಿರಮಿಡ್, ಮಧ್ಯಾಹ್ನ ಈಜು ಅಂತ ಎರಡನ್ನೂ ಬೇರೆ ಬೇರೆ ಐಟಂ ಮಾಡಿ ಮಾರುತ್ತಾರೆ. ನನಗೆ ಎರಡೂ ಒಂದೇ. ಪಿರಮಿಡ್ ಇರುವ ಹಾಳೂರು ಚಿಚೆನ್ ಇಟ್ಸಾ, ಆ ಹೆಸರನ್ನೇ ಬಿಡಿಸಿ ನೋಡಿ: 'ಚಿ' ಅಂದರೆ ಬಾಯಿ, 'ಚೆನ್' ಅಂದರೆ ಬಾವಿ. ಇಟ್ಸಾ ಜನರ ಬಾವಿಯ ಬಾಯಿ. ಅರಸೀಕೆರೆ, ಚಳ್ಳಕೆರೆ ಅಂತ ಊರಿಗೆ ಹೆಸರಿಟ್ಟ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಎರಡು ದೊಡ್ಡ ಸೆನೋಟೆಗಳಿವೆ. ಶ್ಟೊಲೋಕ್ ಅನ್ನುವುದು ಕುಡಿಯಲು, ಬಳಸಲು. ಇನ್ನೊಂದು ದೇವರದ್ದು. ಪಿರಮಿಡ್ಡಿನ ಕಡೆಯಿಂದ ಸುಮಾರು 300 ಮೀಟರ್ ಕಲ್ಲು ಹಾಸಿದ ದಾರಿಯಲ್ಲಿ ನಡೆದರೆ ಆ ಹೊಂಡ ಸಿಗುತ್ತದೆ. ಅಗಲ ಸುಮಾರು 60 ಮೀಟರ್, ಕಡಿದಾದ ಗೋಡೆ, ಕೆಳಗೆ ಪಾಚಿ ಹಸಿರು ನೀರು. ಮಳೆ ದೇವರು ಚಾಕ್‌ಗೆ ಅಂತ ಚಿನ್ನ, ಹಸಿರು ಜೇಡ್ ಕಲ್ಲು, ಮನುಷ್ಯರನ್ನೂ ಅದರೊಳಗೆ ಹಾಕುತ್ತಿದ್ದರು. 1904ರಿಂದ ಎಡ್ವರ್ಡ್ ಥಾಂಪ್ಸನ್ ಎಂಬ ಅಮೆರಿಕನ್ ಅದರಲ್ಲಿ ಹೂಳೆತ್ತಿಸಿ, ಸಿಕ್ಕಿದ್ದರಲ್ಲಿ ಬಹುಪಾಲನ್ನು ಹಾರ್ವರ್ಡ್‌ನ ಮ್ಯೂಸಿಯಂಗೆ ಸಾಗಿಸಿದ. ಮೂಳೆಗಳಲ್ಲಿ ಮಕ್ಕಳವೂ ಇದ್ದವು. ಅಲ್ಲಿ ಈಜಲು ಬಿಡುವುದಿಲ್ಲ, ಬಿಟ್ಟರೂ ನಾನಂತೂ ಇಳಿಯುವುದಿಲ್ಲ.

ಪಿರಮಿಡ್ಡಿನ ಮೆಟ್ಟಿಲು ಎಣಿಸಿದರೆ ವರ್ಷದ 365 ದಿನ ಸಿಗುತ್ತದೆ ಅಂತ ಗೈಡ್ ಹೇಳುತ್ತಾನೆ, ಸರಿಯೇ. ನನಗೆ ಅದಕ್ಕಿಂತ ಬುಡ ಮುಖ್ಯ. 2015ರಲ್ಲಿ ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದವರು ಅದರ ಸುತ್ತ ಎಲೆಕ್ಟ್ರೋಡ್ ಇಟ್ಟು, ನೆಲಕ್ಕೆ ಕರೆಂಟ್ ಬಿಟ್ಟು ನೋಡಿದರು. ಅಡಿಯಲ್ಲಿ ನೀರು ತುಂಬಿದ ದೊಡ್ಡ ಪೊಳ್ಳು ಇದೆ ಅಂತ ತಿಳಿಯಿತು. ನಾನು ಶಿರಾದ ಶೇಂಗಾ ಹೊಲದಲ್ಲಿ ಮಾಡುವ ಕೆಲಸವೇ! ನನ್ನ ಪಕ್ಕದಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಓಡಾಡುವವರು ಇರುತ್ತಾರೆ, ಅಲ್ಲಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಹೋಗುವ ಹೊತ್ತಿನ ಬಗ್ಗೆ ಕಿವಿಮಾತು, ಕೈ ಸುಟ್ಟುಕೊಂಡವನದ್ದು. ಮೊದಲ ಸಲ ಟೂರ್ ಬಸ್ಸಿನಲ್ಲಿ ಹೋದೆವು. ದಾರಿಯಲ್ಲಿ ಕರಕುಶಲ ಅಂಗಡಿ ಅಂತ ಒಂದೂವರೆ ಗಂಟೆ ನಿಲ್ಲಿಸಿ, ನೆತ್ತಿ ಸುಡುವ ಹನ್ನೆರಡಕ್ಕೆ ಪಿರಮಿಡ್ ಮುಂದೆ ಇಳಿಸಿದರು. ನೆರಳಿಲ್ಲ, ಜನಜಾತ್ರೆ, ನನ್ನವಳಿಗೆ ತಲೆ ಸುತ್ತು ಬಂತು. ಎರಡು ದಿನ ಬಿಟ್ಟು ನಾವೇ ಕಾರು ತೆಗೆದುಕೊಂಡು ಬೆಳಗಿನ ಜಾವ ಹೊರಟೆವು. ಕಾನ್‌ಕುನ್‌ನಿಂದ 200 ಕಿಲೋಮೀಟರ್, ಆದರೆ ರಾಜ್ಯದ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆ ಗಂಟೆ ನಿಮಗೆ ಪುಕ್ಕಟೆ. ಎಂಟಕ್ಕೆ ಗೇಟ್ ತೆಗೆದಾಗ ನಾವು ಮುಂದೆ ನಿಂತಿದ್ದೆವು. ಹನ್ನೊಂದಕ್ಕೆ ಪಕ್ಕದ ಇಕ್ ಕಿಲ್ ಸೆನೋಟೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆವು. ನೆಲಮಟ್ಟದಿಂದ 26 ಮೀಟರ್ ಕೆಳಗೆ ನೀರು, ಮೇಲಿಂದ ಅಷ್ಟುದ್ದ ಇಳಿಬಿದ್ದ ಬೇರುಗಳು. ಆ ಕಡೆಯ ಸೆನೋಟೆಗಳ ಅಂಚಿನಲ್ಲಿ ನಮ್ಮ ಆಲ, ಅತ್ತಿಯ ಜಾತಿಯ ಮರಗಳೂ ಬೆಳೆಯುತ್ತವೆ. ಅತ್ತಿ ಮರದ ಬುಡದಲ್ಲಿ ನೀರು ಅಂತ ನಮ್ಮ ರೈತರು ಹೇಳಿದಾಗ ಇನ್ನು ನಗುವುದು ಕಷ್ಟ.

ಟುಲುಂ ಚೆಂದದ ಜಾಗ, ಕೋಟೆ ಗೋಡೆ, ಬಂಡೆಯ ಅಂಚು, ಕೆಳಗೆ ನೀಲಿ ಸಮುದ್ರ. ಫೋಟೋಗೆ ಅದೇ ಸಾಕು, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲೂ ಸೆನೋಟೆಯ ಮೇಲೇ ಕಟ್ಟಿದ ಒಂದು ಮನೆ ಇದೆ, ಜಾಸ್ತಿ ಜನ ನೋಡದೆ ಮುಂದೆ ಹೋಗುತ್ತಾರೆ. ಒಂದು ದಿನ ಹೆಚ್ಚು ಸಿಕ್ಕರೆ ಬೀಚು ಬಿಟ್ಟು ಉಶ್ಮಲ್ ಎಂಬ ಇನ್ನೊಂದು ಹಾಳೂರಿಗೆ ಹೋಗಿ ಅನ್ನುತ್ತೇನೆ. ಅಲ್ಲಿ ಗುಡ್ಡದ ಪ್ರದೇಶ, ನೀರು ಬಹಳ ಆಳದಲ್ಲಿ, ಸೆನೋಟೆ ಇಲ್ಲ. ಅದಕ್ಕೆ ಅವರು ನೆಲದೊಳಗೆ ಬಾಟಲಿ ಆಕಾರದ ಗುಂಡಿ ತೋಡಿ, ಒಳಗೆ ಗಾರೆ ಬಳಿದು, ಅಂಗಳದ ಮಳೆನೀರನ್ನು ಅದಕ್ಕೆ ಹರಿಸುತ್ತಿದ್ದರು. ಹೆಸರು ಚುಲ್ತುನ್. ಬೆಂಗಳೂರಿನ ಮನೆಯ ಸಂಪ್ ನೋಡಿದ ಹಾಗೇ ಆಯಿತು. ಗೋಡೆಗಳ ತುಂಬ ಸೊಂಡಿಲಿನಂಥ ಮೂಗಿನ ಚಾಕ್ ಮುಖಗಳು. ಬಾವಿ ಇಲ್ಲದ ಊರಲ್ಲಿ ಮಳೆ ದೇವರಿಗೆ ಡಿಮ್ಯಾಂಡ್ ಜಾಸ್ತಿ, ಅಲ್ವಾ?

ಈಜುವವರಿಗೆ ಎರಡು ಮಾತು. ಇಳಿಯುವ ಮುಂಚೆ ಸ್ನಾನ ಮಾಡಿ ಬನ್ನಿ ಅಂತ ಎಲ್ಲ ಕಡೆ ಹೇಳುತ್ತಾರೆ, ಸನ್‌ಸ್ಕ್ರೀನ್ ಬೇಡ ಅನ್ನುತ್ತಾರೆ. ಸುಮ್ನೆ ಶಾಸ್ತ್ರಕ್ಕಲ್ಲ. ನಮ್ಮಲ್ಲಿ ಮಣ್ಣು ಸ್ವಲ್ಪವಾದರೂ ಸೋಸುತ್ತದೆ. ಅಲ್ಲಿ ಮೇಲಿನಿಂದ ಬಿದ್ದದ್ದು ಹಾಗೇ ಒಳಗೆ ಹೋಗಿ, ಯಾರದೋ ಬಾವಿಗೆ, ಆಮೇಲೆ ಸಮುದ್ರದ ಹವಳಕ್ಕೆ ಸೇರುತ್ತದೆ. ಹೋಟೆಲುಗಳ ಕೊಳಚೆಗೂ ಅದೇ ದಾರಿ, ಈಚೆಗೆ 'ಮಾಯಾ ರೈಲು' ಎಂಬ ಹೊಸ ರೈಲುಮಾರ್ಗದ ಕಂಬಗಳನ್ನು ಈ ಗುಹೆಗಳ ಚಾವಣಿ ತೂರಿಯೇ ಇಳಿಸಿದ್ದಾರೆ. ಅದನ್ನು ನೋಡಿದರೆ ನಮ್ಮ ಸನ್‌ಸ್ಕ್ರೀನ್ ಏನು ಲೆಕ್ಕ ಅನ್ನಿಸಬಹುದು, ಆದರೂ ಮೈ ತೊಳೆದೇ ಇಳಿಯಿರಿ. ಇನ್ನೊಂದು, ಸಮುದ್ರದಲ್ಲಿ ತೇಲಿದಷ್ಟು ಸುಲಭವಾಗಿ ಇಲ್ಲಿ ತೇಲುವುದಿಲ್ಲ. ಸಿಹಿನೀರು, ಮೇಲಾಗಿ ತಣ್ಣಗೆ, ವರ್ಷವಿಡೀ 25 ಡಿಗ್ರಿ ಆಸುಪಾಸು. ತಿಳಿಯಾಗಿರುವುದರಿಂದ ಆಳ ಕಡಿಮೆ ಅನ್ನಿಸುತ್ತದೆ, ನಂಬಬೇಡಿ. ಲೈಫ್ ಜಾಕೆಟ್ ಹಾಕಿಕೊಳ್ಳಿ, ನಾಚಿಕೆ ಏನಿಲ್ಲ. ಗುಹೆಯೊಳಗೆ ಒಂದು ಕಡೆ ಯಮನ ಚಿತ್ರದ ಬೋರ್ಡ್ ನೆಟ್ಟಿರುತ್ತಾರೆ, ಅಲ್ಲಿಂದ ಮುಂದೆ ತರಬೇತಿ ಇಲ್ಲದವರು ಹೋಗುವ ಹಾಗಿಲ್ಲ. ಒಳ್ಳೆಯ ಸ್ಕೂಬಾ ಡೈವರ್‌ಗಳೇ ಅಲ್ಲಿ ದಾರಿ ತಪ್ಪಿ ಸತ್ತಿದ್ದಾರೆ.

ವಾಪಸ್ ಬಂದ ವಾರ ಚಿಂತಾಮಣಿ ಹತ್ತಿರ ಒಂದು ಪಾಯಿಂಟ್ ನೋಡಲು ಹೋಗಿದ್ದೆ. ಆ ಯಜಮಾನರದ್ದು ಆಗಲೇ ಮೂರು ಬೋರ್ ಫೇಲ್ ಆಗಿದ್ದವು. ಕಾಫಿ ಬರುವತನಕ ಇಕ್ ಕಿಲ್ ಫೋಟೋ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ, ಫೋನು ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

"ಸಾರ್, ಇಷ್ಟು ನೀರಿದೆ. ಎಷ್ಟು ಎಚ್‌ಪಿ ಮೋಟರ್ ಬಿಟ್ಟಿದ್ದಾರೆ?"