ಆರು ವೋಲ್ಟಿನ ಗಾಡಿಗೆ ಆಕಾಶದ ಗಡಿಯಾರ

ಹಳೇ ಜಾವಾಕ್ಕೋ ಯೆಜ್ಡಿಗೋ ಜಿಪಿಎಸ್ ಹಾಕಿಸ್ತೀನಿ ಅಂದರೆ ಸಾಕು, ಗ್ಯಾರೇಜಿನಲ್ಲಿ ಕೂತವರೆಲ್ಲ ವಿಜ್ಞಾನಿಗಳಾಗುತ್ತಾರೆ. ‘ಅಷ್ಟು ಮೇಲಿರೋ ಸ್ಯಾಟಲೈಟಿಗೆ ಸಿಗ್ನಲ್ ಕಳಿಸೋಕೆ ಈ ಬ್ಯಾಟರಿಗೆ ದಮ್ ಎಲ್ಲಿದೆ ಸಾರ್?’ ಅನ್ನುತ್ತಾರೆ ಒಬ್ಬರು. ‘ಚಾರ್ಮಾಡಿ ಘಾಟಿಯಲ್ಲಿ ಟವರ್ರೇ ಸಿಗಲ್ಲ, ಜಿಪಿಎಸ್ ಎಲ್ಲಿಂದ ಬರುತ್ತೆ?’ ಅನ್ನುತ್ತಾರೆ ಇನ್ನೊಬ್ಬರು. ಹ್ಯಾಂಡಲ್ಲಿಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ ಬಿಚ್ಚಿದರೆ ದಾರಿ ತಪ್ಪುತ್ತದೆ, ಬಿಚ್ಚದಿದ್ದರೆ ಸಿಗ್ನಲ್ ತಪ್ಪುತ್ತದೆ ಎಂಬ ಎರಡೂ ವಾದ ಕೇಳಿದ್ದೇನೆ. ಒಣಗಿದ ನಿಂಬೆಹಣ್ಣಿಗೆ ಎರಡೂ ಶಕ್ತಿ ಇಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಜಿಪಿಎಸ್ ರಿಸೀವರ್ ಯಾರಿಗೂ ಏನನ್ನೂ ಕಳಿಸುವುದಿಲ್ಲ. ಅದು ಕೇಳಿಸಿಕೊಳ್ಳುತ್ತದೆ, ಅಷ್ಟೇ. ನೀವು ಎಲ್ಲಿದ್ದೀರಿ ಎಂಬುದು ಉಪಗ್ರಹಕ್ಕೆ ಗೊತ್ತೇ ಇಲ್ಲ. ಟವರ್ ಬೇಕಾಗುವುದು ಮ್ಯಾಪಿನ ಚಿತ್ರ ಇಳಿಸಿಕೊಳ್ಳಲು. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಟರೆ ಚಾರ್ಮಾಡಿಯಲ್ಲೂ ಸ್ಥಾನ ಸಿಗುತ್ತದೆ. ಅಲ್ಲಿ ಅಡ್ಡಿ ಮಾಡುವುದು ಒತ್ತಾದ ಮರಗಳು. ಎಲೆಯೊಳಗಿನ ನೀರು ಈ ತರಂಗಗಳನ್ನು ಹೀರುತ್ತದೆ.

ಆ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ಅಲ್ಲಿಂದ ಹೊರಟ ಸಂಕೇತ ನಮ್ಮ ಹ್ಯಾಂಡಲ್ ಮುಟ್ಟುವಾಗ ಉಳಿದಿರುವ ಶಕ್ತಿ ಎಷ್ಟು ಗೊತ್ತೇ? ಒಂದು ವ್ಯಾಟನ್ನು ಹತ್ತು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಹೆಚ್ಚುಕಮ್ಮಿ ಒಂದು ಪಾಲು. ರಿಸೀವರಿನ ಒಳಗಿನ ಗೊರಗೊರ ಸದ್ದೇ ಅದಕ್ಕಿಂತ ಜೋರು. ಸದ್ದಿಗಿಂತ ಕ್ಷೀಣವಾದ ಸಂಕೇತವನ್ನು ಹಿಡಿಯುವುದು ಹೇಗೆ? ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಇಷ್ಟವಾದ ಜಾಗ ಇದು.

ಗಣೇಶನ ಪೆಂಡಾಲಿನ ಡೋಲು, ಪಟಾಕಿ, ಮೈಕುಗಳ ನಡುವೆ ಎಲ್ಲೋ ದೂರದಲ್ಲಿ ಒಂದು ಹಾಡು ಬರುತ್ತಿದೆ ಎನ್ನಿ. ಹೊಸ ಹಾಡಾದರೆ ಒಂದಕ್ಷರವೂ ತಿಳಿಯದು. ಬಾಯಿಪಾಠ ಬರುವ ಹಾಡಾದರೆ ಮನಸ್ಸಿನಲ್ಲೇ ಜೊತೆಗೆ ಹಾಡಿಕೊಳ್ಳುತ್ತೀರಿ, ಎಲ್ಲೋ ಒಂದು ಕಡೆ ತಾಳ ಕೂಡಿಬಿಡುತ್ತದೆ. ರಿಸೀವರ್ ಮಾಡುವುದು ಇದನ್ನೇ. ಪ್ರತಿ ಉಪಗ್ರಹಕ್ಕೂ 1,023 ಅಂಶಗಳ ಒಂದು ಸಂಕೇತಮಾಲೆ ಇದೆ. ಮಿಲಿಸೆಕೆಂಡಿಗೊಮ್ಮೆ ಅದು ಮರುಕಳಿಸುತ್ತದೆ. ರಿಸೀವರಿಗೆ ಈ ಮಾಲೆಗಳೆಲ್ಲ ಮೊದಲೇ ಬಾಯಿಪಾಠ. ತನ್ನ ಪ್ರತಿಯನ್ನು ಹಿಂದೆ ಮುಂದೆ ಸರಿಸುತ್ತಾ ಹೋಗುತ್ತದೆ. ಎಲ್ಲಿ ಕೂಡುತ್ತದೋ ಅಲ್ಲಿ ಸದ್ದು ಪರಸ್ಪರ ಕಳೆದುಹೋಗಿ ಸಂಕೇತ ಮೇಲೇಳುತ್ತದೆ. ಎಷ್ಟು ಸರಿಸಬೇಕಾಯಿತು ಎಂಬುದೇ ಸಂಕೇತ ದಾರಿಯಲ್ಲಿ ಕಳೆದ ಸಮಯದ ಸುಳಿವು. ಸಮಯ ಸಿಕ್ಕರೆ ಬೆಳಕಿನ ವೇಗದಿಂದ ಗುಣಿಸಿ, ದೂರ ಸಿಕ್ಕಿತು.

ಆದರೆ ಇಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ 300 ಮೀಟರ್ ತಪ್ಪುತ್ತದೆ. ಉಪಗ್ರಹದಲ್ಲಿ ಪರಮಾಣು ಗಡಿಯಾರ ಇದೆ, ಸರಿ. ನಮ್ಮ ಹ್ಯಾಂಡಲ್ ಮೇಲಿರುವುದು ಅಗ್ಗದ ಕ್ವಾರ್ಟ್ಜ್. ಅದಕ್ಕೇ ಮೂರರ ಬದಲು ನಾಲ್ಕು ಉಪಗ್ರಹ ಬೇಕು. ಮೂರು ನಮ್ಮ ಜಾಗ ಹೇಳಲು, ನಾಲ್ಕನೆಯದು ನಮ್ಮ ಗಡಿಯಾರ ಎಷ್ಟು ತಪ್ಪಿದೆ ಎಂದು ಹೇಳಲು. ಮೇಲಿನ ಗಡಿಯಾರಗಳಾದರೂ ಐನ್‌ಸ್ಟೈನ್ ಲೆಕ್ಕದ ಪ್ರಕಾರ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೋಡುತ್ತವೆ. ಅದನ್ನು ತಿದ್ದದಿದ್ದರೆ ಒಂದೇ ದಿನಕ್ಕೆ ಸುಮಾರು ಹತ್ತು ಕಿಲೋಮೀಟರ್ ಎಡವಟ್ಟು.

ಇದು ಮೂಲತಃ ಅಮೆರಿಕದ ಸೈನ್ಯದ ಸೊತ್ತು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಲಾಯಿತು, 269 ಜನ ಸತ್ತರು. ಅದೇ ತಿಂಗಳು ರೇಗನ್ ಸರ್ಕಾರ ಜಿಪಿಎಸ್ಸನ್ನು ನಾಗರಿಕರಿಗೂ ಕೊಡುವುದಾಗಿ ಹೇಳಿತು. ಕೊಟ್ಟಿತು, ಆದರೆ ಬೇಕೆಂದೇ ಕೆಡಿಸಿ. ನಮ್ಮಂಥವರಿಗೆ ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಆ ಕಲಬೆರಕೆ ನಿಂತಿತು. ಜಿಪಿಎಸ್ಸಿನಂಥದೇ ನಮ್ಮ ಭಾರತದ ವ್ಯವಸ್ಥೆ ನಾವಿಕ್, ಅದರ ಸರಣಿಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅವುಗಳ ನಿಯಂತ್ರಣ ಹಾಸನದಲ್ಲಿ, ನ್ಯಾವಿಗೇಶನ್ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಜಾವಾ ತಯಾರಾಗುತ್ತಿದ್ದ ಮೈಸೂರಿನಿಂದ ಎರಡೂ ಒಂದು ದಿನದ ಸವಾರಿಯೊಳಗಿನ ಊರುಗಳು.

ಸರಿ, ಗಾಡಿಗೆ ಬರೋಣ. ಆಕಾಶದ ಸಂಕೇತ ಕೇಳುವ ಚಿಪ್ಪಿಗೆ ಬೇಕಾದ ವಿದ್ಯುತ್ತು ತೀರಾ ಕಡಿಮೆ. ನುಂಗುವುದು ಸ್ಕ್ರೀನು, ಬಿಸಿಲಲ್ಲಿ ಕಾಣಲೆಂದು ಪೂರ್ತಿ ಬೆಳಗಿಸಿದ ಸ್ಕ್ರೀನು. ಚಾರ್ಜರಿಗೆ 5 ವೋಲ್ಟ್, 2 ಆಂಪಿಯರ್ ಎಂದರೆ 10 ವ್ಯಾಟ್. ಹಳೇ ಜಾವಾದ ಡೈನಮೋ ಕೊಡುವುದೇ 6 ವೋಲ್ಟಿನಲ್ಲಿ 45 ವ್ಯಾಟ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಡ್‌ಲೈಟೇ ತಿನ್ನುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಹೆಡ್‌ಲೈಟ್ ಡೂಮಿನ ಮೇಲಿನ ಕೆಂಪು ದೀಪ ಹತ್ತಿಕೊಳ್ಳುತ್ತದಲ್ಲ, ಆ ಹೊತ್ತಿಗೆ ಡೈನಮೋ ಬ್ಯಾಟರಿಗೆ ಏನೂ ಕೊಡುತ್ತಿಲ್ಲ ಎಂದರ್ಥ. ಲೈಟು, ಹಾರ್ನು, ಕಾಯಿಲ್ಲು ಎಲ್ಲ ಬ್ಯಾಟರಿಯನ್ನೇ ಹೀರುತ್ತಿರುತ್ತವೆ, ವೋಲ್ಟೇಜ್ ಆರಕ್ಕಿಂತ ಕೆಳಗಿಳಿಯುತ್ತದೆ.

ಅಂಗಡಿಯಲ್ಲಿ ಸಿಗುವ ಬೈಕ್ ಚಾರ್ಜರ್ ಇಲ್ಲೇ ಕೈಕೊಡುವುದು. ಅದರ ಬೆನ್ನ ಮೇಲೆ ‘12–24 ವೋಲ್ಟ್’ ಎಂದು ಅಚ್ಚಾಗಿರುತ್ತದೆ. ಅದು ವೋಲ್ಟೇಜನ್ನು ಇಳಿಸಬಲ್ಲದು, ಏರಿಸಲಾರದು. ಐದನ್ನು ಸ್ಥಿರವಾಗಿ ಕೊಡಲು ಅದಕ್ಕೆ ಐದಕ್ಕಿಂತ ಸಾಕಷ್ಟು ಹೆಚ್ಚು ಒಳಗೆ ಬರಬೇಕು. ಆರು ವೋಲ್ಟಿನ ಗಾಡಿಗೆ ಬೇಕಾದದ್ದು ಏರಿಸಿ-ಇಳಿಸುವ ಬಕ್-ಬೂಸ್ಟ್ ಕನ್ವರ್ಟರ್. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದರೆ ಕೊಡುತ್ತಾರೆ. ವೈರನ್ನು ನೇರ ಬ್ಯಾಟರಿಯಿಂದ, ಮಧ್ಯೆ ಫ್ಯೂಸ್ ಹಾಕಿಸಿ ತನ್ನಿ. ಹೆಡ್‌ಲೈಟಿನ ವೈರಿಗೆ ಗಂಟು ಹಾಕುವ ಮೆಕ್ಯಾನಿಕ್ಕನ್ನು ಅಲ್ಲೇ ತಡೆಯಿರಿ. ಎಷ್ಟೋ ಹಳೇ ಬೈಕುಗಳಲ್ಲಿ ಆ ವೈರಿನಲ್ಲಿ ಹರಿಯುವುದು ಏಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು, ಆಕ್ಸಿಲರೇಟರ್ ತಿರುವಿದ ಹಾಗೆ ಅದರ ವೋಲ್ಟೇಜ್ ಏರುತ್ತದೆ. ಹಳೇ ಬ್ರಿಟಿಷ್ ಟ್ರಯಂಫ್, ಬಿಎಸ್ಎ ಇದ್ದವರು ಇನ್ನೂ ಹುಷಾರಾಗಿರಬೇಕು. ಅವುಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯ ಪ್ಲಸ್ ತುದಿಯೇ ಅರ್ತ್, ಅಂದರೆ ಗಾಡಿಯ ಮೈಗೆ ಸೇರಿರುತ್ತದೆ, ಮೀಟರ್ ಹಿಡಿದು ನೋಡದೆ ವೈರ್ ಮುಟ್ಟಬೇಡಿ. ಇಷ್ಟೆಲ್ಲ ರಗಳೆ ಬೇಡವೆಂದರೆ ಟ್ಯಾಂಕ್ ಬ್ಯಾಗಿನಲ್ಲಿ ಒಂದು ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ಶುದ್ಧಾಂಗ ಹಳೇ ಗಾಡಿಪ್ರಿಯರು ಮೂಗು ಮುರಿಯಲಿ ಬಿಡಿ.

ಇನ್ನೊಂದು ತೊಂದರೆ ಸ್ಪಾರ್ಕ್ ಪ್ಲಗ್. ಹರ್ಟ್ಜ್ ಮೊಟ್ಟಮೊದಲು ರೇಡಿಯೋ ತರಂಗ ಹುಟ್ಟಿಸಿದ್ದೂ, 1890ರ ದಶಕದಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ವೈರಿಲ್ಲದೆ ಗಂಟೆ ಬಾರಿಸಿದ್ದೂ ಇಂಥದೇ ಕಿಡಿಯಿಂದ. ಅಂದರೆ ನಿಮ್ಮ ಗಾಡಿಯೇ ಒಂದು ಒರಟು ರೇಡಿಯೋ ಸ್ಟೇಷನ್. ಅದರ ಗದ್ದಲ ವೈರಿನ ಮೂಲಕ ನುಗ್ಗಿ ಚಾರ್ಜರನ್ನು ಕಂಗೆಡಿಸುತ್ತದೆ, ಸ್ಕ್ರೀನ್ ತನ್ನಷ್ಟಕ್ಕೆ ತಾನೇ ಒತ್ತಿಕೊಳ್ಳುತ್ತದೆ. 5 ಕಿಲೋ ಓಮ್ ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕಿದರೆ ಹೆಚ್ಚಿನ ಗಲಾಟೆ ಅಡಗುತ್ತದೆ.

ಮತ್ತೆ ನಡುಕ. ಎಂಜಿನ್ ನಿಮಿಷಕ್ಕೆ 3,600 ಸುತ್ತು ತಿರುಗಿದರೆ ಹ್ಯಾಂಡಲ್ ಸೆಕೆಂಡಿಗೆ 60 ಸಲ ನಡುಗುತ್ತದೆ. ಬೈಕಿನ ನಡುಕದಿಂದ ಐಫೋನ್ ಕ್ಯಾಮೆರಾ ಕೆಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಒಳಗೆ ಅಲುಗಾಡುವ ಲೆನ್ಸ್ ಇಲ್ಲದ, ಜಿಪಿಎಸ್ಸಿಗೆಂದೇ ಮಾಡಿದ ಪುಟ್ಟ ಸಾಧನ ಇಲ್ಲಿ ವಾಸಿ. ಫೋನೇ ಬೇಕೆಂದರೆ ರಬ್ಬರ್ ಡ್ಯಾಂಪರ್ ಇರುವ ಹೋಲ್ಡರ್ ಹಾಕಿಸಿ.

ಮೊದಲ ಸಲ ಆನ್ ಮಾಡಿದ ಕೂಡಲೇ ‘ಸಿಗ್ನಲ್ಲೇ ಇಲ್ಲ’ ಎಂದು ಬೈಯಬೇಡಿ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಹೇಳುತ್ತದೆ, ಒಂದು ಸರದಿ ಮುಗಿಯಲು 30 ಸೆಕೆಂಡ್ ಬೇಕು. ಫೋನಾದರೆ ಇದನ್ನು ಇಂಟರ್‌ನೆಟ್ಟಿನಿಂದ ತರಿಸಿಕೊಂಡು ಜಾಣತನ ತೋರಿಸುತ್ತದೆ. ಬರೀ ಜಿಪಿಎಸ್ ಸಾಧನಕ್ಕೆ ಆ ಅನುಕೂಲ ಇಲ್ಲ. ಹೊರಡುವ ಮುಂಚೆ ಶೆಡ್ಡಿನಿಂದ ಬಯಲಿಗೆ ತಂದು ಒಂದೆರಡು ನಿಮಿಷ ನಿಲ್ಲಿಸಿ. ಟೂ-ಸ್ಟ್ರೋಕ್ ಎಂಜಿನ್ ಬಿಸಿಯಾಗಲು ಹೇಗೂ ಅಷ್ಟು ಹೊತ್ತು ಬೇಕು.