ಪೋರ್ಟಲೆಡ್ಜ್‌ನಲ್ಲಿ ಪೋರ್ಟಲ್ ಇಲ್ಲ

ಮೊದಲ ಸಲ ಹೋಗಲಿ ಅಂತ ಬಿಟ್ಟೆ. ಮಕ್ಕಳ ಕ್ವಿಜ್ ಪುಸ್ತಕವೊಂದರ ಕರಡು ತಿದ್ದಲು ಬಂದಿತ್ತು. ಅದರಲ್ಲಿ ‘ಪರ್ವತಾರೋಹಿಗಳು ದ್ವಾರದಂಚಿನಲ್ಲಿ ಮಲಗುತ್ತಾರೆ’ ಎಂಬ ವಾಕ್ಯ. ಯಾರ ಮನೆಯ ದ್ವಾರ ಎಂದು ಪಕ್ಕದಲ್ಲಿ ಬರೆದು ಮುಂದೆ ಹೋದೆ. ಅವರು ಹೇಳಹೊರಟದ್ದು ಪೋರ್ಟಲೆಡ್ಜ್, ಅಂದರೆ ಕಡಿದಾದ ಬಂಡೆ ಹತ್ತುವವರು ರಾತ್ರಿ ಮಲಗಲು ಹೊತ್ತೊಯ್ದು ಬಂಡೆಗೆ ನೇತುಹಾಕುವ ಹಾಸು. ಎರಡನೇ ಸಲ ಟಿವಿಯಲ್ಲಿ, ಸಬ್‌ಟೈಟಲ್ ‘ಪೋರ್ಟಲ್ ಎಡ್ಜ್’ ಎಂದಿತು. ಹೋದ ವಾರ ವಾಟ್ಸಾಪಿಗೆ ಒಂದು ಪೋಸ್ಟರ್ ಬಂತು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆಯಲ್ಲಿ ‘ಪೋರ್ಟಲ್ ಎಡ್ಜ್ ಸ್ಟೇ, ತಿಂಡಿ ಊಟ ಸೇರಿ’. ಫೋಟೋದಲ್ಲಿ ಎರಡು ತೆಂಗಿನ ಮರ, ನಡುವೆ ಒಂದು ಬಲೆ, ಬಲೆಯೊಳಗೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಮಲಗಿದ ಒಬ್ಬ. ಅವನ ಬೆನ್ನಿಗೂ ನೆಲಕ್ಕೂ ಎರಡಡಿ ಅಂತರ. ಇನ್ನು ಸುಮ್ನಿರುವುದು ಕಷ್ಟ.

ಪದ ಒಡೆಯುವ ಜಾಗ ತಪ್ಪಿದರೆ ಹೀಗೇ ಆಗುವುದು. ಅದು ಪೋರ್ಟಬಲ್ ಮತ್ತು ಲೆಡ್ಜ್. ಕೂಡಿಸುವಾಗ ‘ಬಲ್’ ಉದುರಿಹೋಗಿದೆ, ಅಷ್ಟೇ. ಇಂಗ್ಲಿಷಿನಲ್ಲಿ ಎಲ್ ಬೇರೆ, ಇ ಬೇರೆ. ಎಲ್ಲಿ ಬೇಕಾದರೂ ಕತ್ತರಿ ಹಾಕಬಹುದು, ಅಲ್ಲಿಯವರು ತಪ್ಪಿದರೆ ಕ್ಷಮಿಸೋಣ. ನಮ್ಮಲ್ಲಿ ‘ಲೆ’ ಒಂದೇ ಅಕ್ಷರ. ಪೋರ್ಟ, ಲೆಡ್ಜ್ ಎಂದು ಬಿಡಿಸಿದರೆ ಅಕ್ಷರ ಇಡಿಯಾಗಿ ಉಳಿಯುತ್ತದೆ. ಎಡ್ಜ್ ಬೇಕೆಂದರೆ ‘ಲೆ’ಯನ್ನೇ ಸೀಳಬೇಕು. ಸೀಳಿದ್ದಾರೆ.

ಪೋರ್ಟಬಲ್‌ನ ಹಿಂದೆ ಇರುವುದು ಲ್ಯಾಟಿನ್ನಿನ ‘ಪೋರ್ಟಾರೆ’, ಅಂದರೆ ಹೊರುವುದು. ಪೋರ್ಟಲ್‌ನ ಹಿಂದೆ ‘ಪೋರ್ಟಾ’, ಬಾಗಿಲು. ನೋಡಲು ಅವಳಿಗಳ ಹಾಗಿವೆ, ನಮ್ಮ ‘ಹೊರು’ ಮತ್ತು ‘ಹೊರ’ ಇದ್ದಂತೆ. ಇಂಗ್ಲಿಷಿನವರೇ ಇವೆರಡನ್ನು ಕಲಸಿಕೊಂಡಿದ್ದಾರೆ. ಸ್ಟೇಷನ್ನಿನಲ್ಲಿ ಲಗೇಜ್ ಹೊರುವವನೂ ಪೋರ್ಟರ್, ಬಾಗಿಲು ಕಾಯುವವನೂ ಪೋರ್ಟರ್. ಮೊದಲನೆಯವನು ಪೋರ್ಟಾರೆ ಕಡೆಯವನು, ಎರಡನೆಯವನು ಪೋರ್ಟಾ ಕಡೆಯವನು.

ಎಡ್ಜ್‌ಗೂ ಲೆಡ್ಜ್‌ಗೂ ಎಳ್ಳಷ್ಟೂ ನಂಟಿಲ್ಲ. ಎಡ್ಜ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಕತ್ತಿಯ ಅಲಗು. ಅದರ ಮೇಲೆ ಯಾರೂ ಮಲಗುವುದಿಲ್ಲ. ಲೆಡ್ಜ್ ಎಂದರೆ ಮೊದಮೊದಲು ಬಾಗಿಲಿಗೆ ಹೊಡೆಯುವ ಅಡ್ಡಪಟ್ಟಿ. ಆಮೇಲೆ ಗೋಡೆಯಿಂದ ಚಾಚಿದ ಹಲಗೆಗೂ ಬಂಡೆಯ ಮೈಯಲ್ಲಿನ ಚಪ್ಪಟೆ ಚಾಚಿಗೂ ಅದೇ ಹೆಸರು ಬಂತು. ಬಾಗಿಲು ಹುಡುಕಿ ಹೊರಟವರು ಪದದ ಈ ಅರ್ಧದಲ್ಲಿ ಹುಡುಕಿದ್ದರೆ ಸಿಗುತ್ತಿತ್ತು!

ಬಂಡೆಯ ಆ ಚಾಚಿಗೆ ಕನ್ನಡದಲ್ಲಿ ಪದ ಇಲ್ಲ ಎನ್ನುವವರು ಮಂಡ್ಯದ ಹಳೇ ಮನೆಗಳನ್ನು ನೋಡಿಲ್ಲ. ಜಗುಲಿ. ಗೋಡೆಗೆ ಅಂಟಿಕೊಂಡಿರುತ್ತದೆ, ಮಟ್ಟಸವಾಗಿರುತ್ತದೆ, ಒಬ್ಬರು ಕಾಲು ಚಾಚುವಷ್ಟು ಅಗಲ ಇರುತ್ತದೆ. ಸೆಖೆಗಾಲದಲ್ಲಿ ನಮ್ಮ ತಾತ ಚಾಪೆ ಸುತ್ತಿಕೊಂಡು ಅಲ್ಲಿಗೇ ಹೋಗುತ್ತಿದ್ದರು. ಬಂಡೆ ಹತ್ತುವವರೂ ಮೊದಲು ಹುಡುಕಿದ್ದು ಇದನ್ನೇ. ಅಮೆರಿಕದ ಯೊಸೆಮಿಟಿಯಲ್ಲಿ ಎಲ್ ಕ್ಯಾಪಿಟನ್ ಎಂಬ ಬಂಡೆಯಿದೆ. ಎತ್ತರ ಸುಮಾರು 3000 ಅಡಿ. ಕೆಆರ್‌ಎಸ್ 124 ಅಡಿ ದಾಟಿದರೆ ನಾವು ಬಾಗಿನ ಬಿಡುತ್ತೇವೆ. ಅಂಥ ಇಪ್ಪತ್ನಾಲ್ಕನ್ನು ಒಂದರ ಮೇಲೊಂದು ನಿಲ್ಲಿಸಿದ ಹಾಗೆ. ಒಂದು ದಿನದಲ್ಲಿ ಮುಗಿಸುವವರು ಇದ್ದಾರೆ, ಆದರೆ ಸಾಮಾನ್ಯರಿಗೆ ಹಲವು ದಿನ ಬೇಕು. ಅಲ್ಲಿ 1958ರಲ್ಲಿ ಮೊದಲು ಹತ್ತಿದ ‘ನೋಸ್’ ದಾರಿಯಲ್ಲಿ ಮಲಗುವಷ್ಟು ದೊಡ್ಡ ಜಗುಲಿಗಳು ಬಂಡೆಯಲ್ಲೇ ಇವೆ. ಬೇರೆ ದಾರಿಗಳಲ್ಲಿ ಎಷ್ಟೋ ಕಡೆ ಅಂಗೈಯಗಲ ಚಾಚೂ ಇಲ್ಲ. ಜಗುಲಿ ಇಲ್ಲದ ಕಡೆಗೆ ಜಗುಲಿಯನ್ನೇ ಹೊತ್ತೊಯ್ಯುವುದು, ಅದೇ ಪೋರ್ಟಲೆಡ್ಜ್.

ಈಗ ಇದನ್ನು ‘ತೂಗುಮಂಚ’ ಎನ್ನುವವರ ವಿಷಯ. ಬಾಗಿಲಿನವರಷ್ಟು ಕೆಟ್ಟ ತಪ್ಪಲ್ಲ, ಆದರೂ ತಪ್ಪೇ. ತೂಗುಮಂಚ ತೂಗಬೇಕು. ಪೋರ್ಟಲೆಡ್ಜ್ ತೂಗಬಾರದು. ಅದರ ಒಂದು ಮಗ್ಗುಲು ಬಂಡೆಗೆ ಒತ್ತಿಕೊಂಡಿರುತ್ತದೆ. ಅಲ್ಯೂಮಿನಿಯಂ ಪೈಪಿನ ಚೌಕಟ್ಟು, ಅದಕ್ಕೆ ಬಿಗಿದ ನೈಲಾನ್ ಬಟ್ಟೆ. ಸುತ್ತಲಿಂದ ಮೇಲೆದ್ದ ಪಟ್ಟಿಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ. ಆ ಬಿಂದು ಆಂಕರಿಗೆ, ಅಂದರೆ ಬಂಡೆಗೆ ಭದ್ರವಾಗಿ ಹಾಕಿದ ಕೊಂಡಿಗೆ. ಮಳೆ ಬಂದರೆ ಮೇಲಿಂದ ಟೆಂಟಿನಂಥ ಹೊದಿಕೆ. ಮಲಗಿದವರು ಸೊಂಟದ ಹಾರ್ನೆಸ್ ಬಿಚ್ಚುವುದಿಲ್ಲ. ಮಂಚ ಮುರಿದರೂ ಮನುಷ್ಯ ಉಳಿಯಲಿ ಎಂದು ತಮ್ಮನ್ನು ಬೇರೆ ಹಗ್ಗದಿಂದ ನೇರ ಆಂಕರಿಗೇ ಕಟ್ಟಿಕೊಂಡಿರುತ್ತಾರೆ. ‘ಕಕ್ಕಸಿಗೆ ಹೇಗೆ ಹೋಗುತ್ತಾರೆ’ ಎಂದು ಎಲ್ಲರೂ ಕೇಳುತ್ತಾರೆ: ಚೀಲದಲ್ಲಿ, ಮತ್ತು ಆ ಚೀಲವನ್ನು ಹೊತ್ತೇ ತರಬೇಕು, ಕೆಳಗೆ ಎಸೆಯುವಂತಿಲ್ಲ.

ನಿಜವಾದ ತೂಗುವ ಹಾಸಿಗೆಯಲ್ಲಿ ಅಂದರೆ ಹ್ಯಾಮಕ್ಕಿನಲ್ಲಿ ಬಂಡೆ ಮೇಲೆ ಮಲಗಿದವರೂ ಇದ್ದಾರೆ. 1970ರಲ್ಲಿ ವಾರನ್ ಹಾರ್ಡಿಂಗ್ ಮತ್ತು ಡೀನ್ ಕಾಲ್ಡ್‌ವೆಲ್ ಎಲ್ ಕ್ಯಾಪಿಟನ್ ಮೇಲೆ 27 ದಿನ ಕಳೆದದ್ದು ‘ಬ್ಯಾಟ್ ಟೆಂಟ್’ ಎಂಬ ಜೋತಾಡುವ ಚೀಲಗಳಲ್ಲಿ. ಬಟ್ಟೆ ಎರಡೂ ಕಡೆಯಿಂದ ಭುಜ ಹಿಂಡುತ್ತದೆ, ಮಗ್ಗುಲು ಬದಲಿಸಲು ಆಗದು. ಬಿರುಗಾಳಿ ಮಳೆಯಲ್ಲಿ ಸಿಕ್ಕಿಕೊಂಡರೂ ಕಾಪಾಡಲು ಹೊರಟವರಿಗೆ ಬೇಡ ಎಂದರಂತೆ, ಆ ಹಟ ಬೇರೆ. ಎಲ್ ಕ್ಯಾಪಿಟನ್‌ನ ಅದೇ ಕಡೆಯ ಗೋಡೆಯಲ್ಲಿ ಟಾಮಿ ಕಾಲ್ಡ್‌ವೆಲ್ ಮತ್ತು ಕೆವಿನ್ ಜಾರ್ಜಸನ್ 19 ದಿನ ಇದ್ದು 2015ರ ಜನವರಿಯಲ್ಲಿ ಮೇಲೆ ತಲುಪಿದರು. ಅವರದು ಪೋರ್ಟಲೆಡ್ಜ್. ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ನಡುವಿನ ಕಾಲದಲ್ಲಿ ಚೌಕಟ್ಟು ಮುರಿದ ಕತೆಗಳೂ ಇವೆ. 1986ರಲ್ಲಿ ಹಾಫ್ ಡೋಮ್ ಬಂಡೆಯ ಮೇಲೆ ಬಿರುಗಾಳಿಗೆ ಪೋರ್ಟಲೆಡ್ಜ್ ಕೈಕೊಟ್ಟು, ಜಾನ್ ಮಿಡೆಂಡಾರ್ಫ್ ಮತ್ತು ಇಬ್ಬರು ಜೊತೆಗಾರರನ್ನು ಹೆಲಿಕಾಪ್ಟರ್ ಎತ್ತಿಕೊಂಡು ಬರಬೇಕಾಯಿತು. ಅದಾದ ಮೇಲೆ ಆ ಮನುಷ್ಯ ಗಟ್ಟಿ ಪೋರ್ಟಲೆಡ್ಜ್ ಮಾಡುವುದಕ್ಕೇ ನಿಂತ.

ನಾನು ಪೋರ್ಟಲೆಡ್ಜ್ ಹತ್ತಿ ಕೂತದ್ದು ಕುವೆಂಪುನಗರದಲ್ಲಿ. ಅಳಿಯನ ಗೆಳೆಯನೊಬ್ಬ ಬಂಡೆ ಹತ್ತುವವನು. ಒಂದು ಭಾನುವಾರ ತನ್ನದನ್ನು ತಂದು ತಾರಸಿಯಲ್ಲಿ, ನೀರಿನ ಟ್ಯಾಂಕಿನ ಕೆಳಗಿನ ಬೀಮಿಗೆ ನೇತುಹಾಕಿದ. ಪೈಪುಗಳೆಲ್ಲ ಸಲೀಸಾಗಿ ಸೇರಿದವು. ಕೊನೆಯ ಒಂದು ಮೂಲೆ ಮಾತ್ರ ಸೇರದು. ಬಟ್ಟೆ ಅಷ್ಟು ಬಿಗಿ. ಇಬ್ಬರೂ ಮೊಣಕಾಲು ಕೊಟ್ಟು ತಳ್ಳಿದೆವು, ಅವನ ಹೆಬ್ಬೆರಳು ಸಿಕ್ಕಿಕೊಂಡಿತು, ಬೈಗುಳ ಬಂತು, ಆಮೇಲೆ ಟಕ್ಕೆಂದು ಕೂತಿತು. ‘ಇದನ್ನೇ ನೇತಾಡ್ಕೊಂಡು, ಕತ್ತಲಲ್ಲಿ, ಗ್ಲೌಸ್ ಹಾಕ್ಕೊಂಡು ಮಾಡ್ಬೇಕು ಅಂಕಲ್’ ಎಂದ. ಇಬ್ಬರೂ ಹತ್ತಿ ಕೂತೆವು. ಕಾಫಿ ಬಂತು ಅಂತ ನಾನು ಎದ್ದೆ. ನನ್ನ ಕಡೆ ಮೇಲಕ್ಕೆ, ಅವನ ಕಡೆ ಕೆಳಕ್ಕೆ. ಹುಡುಗ ಉರುಳಿ ತುಳಸಿ ಕುಂಡದ ಪಕ್ಕ ಬಿದ್ದ. ‘ಹೇಳದೆ ಏಳ್ಬಾರ್ದು ಅಂಕಲ್.’ ಜಗುಲಿಯೇ ಆದರೂ ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡು ಏಳಬೇಕಾದ ಜಗುಲಿ.

ಕುಂತಿ ಬೆಟ್ಟಕ್ಕೆ ಇದು ಬೇಕಾ ಎಂದು ಕೇಳಿದೆ. ನಕ್ಕ. ಬೆಳಿಗ್ಗೆ ಹತ್ತಿ ಊಟದ ಹೊತ್ತಿಗೆ ಪಾಂಡವಪುರಕ್ಕೆ ಇಳಿಯುವ ಕಡೆ ಜಗುಲಿ ಹೊರುವುದು ಯಾಕೆ? ಅಷ್ಟೇ ಅಲ್ಲ, ಒಬ್ಬರದೇ ನಾಲ್ಕೈದು ಕಿಲೋ ತೂಗುತ್ತದೆ.

ಕ್ವಿಜ್ ಪುಸ್ತಕದವರಿಗೆ ನಾನೇ ಒಂದು ಪದ ಮಾಡಿ ಕಳಿಸಿದೆ: ಹೊರುಜಗುಲಿ. ಬೀಸುಕಲ್ಲು, ತೂಗುಮಂಚ ಇರುವಾಗ ಇದೂ ನಡೆಯುತ್ತದೆ, ಅಲ್ವಾ? ನಿನ್ನೆ ಎರಡನೇ ಕರಡು ಬಂತು. ಡಿಟಿಪಿಯವರು ‘ರು’ವಿನ ಕೊಂಬು ಉದುರಿಸಿದ್ದಾರೆ. ಪರ್ವತಾರೋಹಿಗಳು ಈಗ ಹೊರಜಗುಲಿಯಲ್ಲಿ, ಮತ್ತೆ ಬಾಗಿಲ ಪಕ್ಕದಲ್ಲೇ, ಮಲಗಿದ್ದಾರೆ.